ಮಡಿಕೇರಿಯಿಂದ ಮೈಸೂರಿನ ಕಣ್ಣಾಸ್ಪತ್ರೆಗೆ ಅಮ್ಮನನ್ನು ಕಾರಿಲ್ಲದೆ ಕರೆದೊಯ್ಯುವುದು ಹೇಗೆ?

ಕೊಡಗಿಗೆ ರೈಲಿಲ್ಲ, ಬಸ್ಸೇ ಗತಿ. ಮೈಸೂರಿಗೆ ಸುಮಾರು 120 ಕಿ.ಮೀ.; ಕುಶಾಲನಗರ, ಹುಣಸೂರು ಮೇಲೆ ಮೂರು ಗಂಟೆ ಅಂದುಕೊಳ್ಳಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಬೆಳಗ್ಗೆ ಒಂಬತ್ತರ ಅಪಾಯಿಂಟ್‌ಮೆಂಟ್‌ಗೆ ಒಪ್ಪಬೇಡಿ. "ಕೊಡಗಿಂದ ಬರ್ತೀವಿ, ಹನ್ನೊಂದರ ಮೇಲೆ ಕೊಡಿ" ಅಂತ ಫೋನಿನಲ್ಲೇ ಕೇಳಿ. ಸುಮ್ನೆ ಸಂಕೋಚ ಯಾಕೆ?

ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಆಧಾರ್ ಮರೀಬೇಡಿ. ರಾಜಹಂಸ ಹತ್ತಿದರೆ ದುಡ್ಡು ಕೊಡಬೇಕು. ಸೊಂಟ ನೋವಿದ್ದರೆ ಅದೇ ವಾಸಿ.

ಪರೀಕ್ಷೆಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿದರೆ ಕೆಲವು ಗಂಟೆ ಎಲ್ಲಾ ಮಬ್ಬು. ಬಿಸಿಲು ಚುಚ್ಚುತ್ತದೆ, ಬಸ್ಸಿನ ಬೋರ್ಡೂ ಓದೋಕಾಗಲ್ಲ. ಕಪ್ಪು ಕನ್ನಡಕ ಇಟ್ಟುಕೊಳ್ಳಿ, ಕೈ ಹಿಡಿದೇ ಬಸ್ಸು ಹತ್ತಿಸಿ. ಮನೆ ತೋಟದೊಳಗಿದ್ದರೆ ಸ್ಟ್ಯಾಂಡಿನವರೆಗೆ ಆಟೋ ಹಿಂದಿನ ದಿನವೇ ಹೇಳಿಡಿ. 108 ಆಂಬುಲೆನ್ಸ್ ತುರ್ತಿಗೆ ಮಾತ್ರ.