ಹೊಸದಾಗಿ ತಂದ ಕಡಲ ಮೀನು ಆಹಾರ ಮುಟ್ಟದಿದ್ದರೆ

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ವರ್ಷದಿಂದ 300 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿರುವ ಎರಡು ಕ್ಲೌನ್‌ಫಿಶ್ ಮತ್ತು ಒಂದು ಟ್ಯಾಂಗ್ ಆರೋಗ್ಯವಾಗಿವೆ. ಐದು ದಿನದ ಹಿಂದೆ ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನೊಂದನ್ನು ತಂದೆವು. ಪೆಲೆಟ್, ಫ್ಲೇಕ್, ಒಣ ಸಿಗಡಿ, ಯಾವುದನ್ನು ಹಾಕಿದರೂ ಅದು ತಿರುಗಿ ನೋಡುವುದಿಲ್ಲ. ದಿನವಿಡೀ ಕಲ್ಲುಗಳ ಸಂದಿಯಲ್ಲಿ ಮೂತಿ ತೂರಿಸುತ್ತ ಓಡಾಡುತ್ತದೆ. ಏನು ಮಾಡಬೇಕು?
– ಓದುಗರು, ಬೆಂಗಳೂರು

ಉತ್ತರ: ಮೀನು ಸಂದಿಗಳಲ್ಲಿ ಹುಡುಕಾಡುತ್ತಿದೆ ಎಂದು ಬರೆದಿದ್ದೀರಲ್ಲ, ಅದು ಒಳ್ಳೆಯ ಸೂಚನೆ. ಅದಕ್ಕೆ ಹಸಿವಿದೆ, ನೀವು ಹಾಕುತ್ತಿರುವುದು ಆಹಾರವೆಂದು ಅದಕ್ಕೆ ಗೊತ್ತಾಗುತ್ತಿಲ್ಲ, ಅಷ್ಟೆ. ಮೂಲೆಯಲ್ಲಿ ರೆಕ್ಕೆ ಮುದುಡಿಕೊಂಡು ನಿಂತ ಮೀನಾಗಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು.

ಪೂರ್ವ ಹಿಂದೂ ಮಹಾಸಾಗರದಿಂದ ಪಶ್ಚಿಮ ಪೆಸಿಫಿಕ್‌ವರೆಗಿನ ಹವಳ ದಿಬ್ಬಗಳಲ್ಲಿ ಬದುಕುವ ಈ ಮೀನು ತನ್ನ ಉದ್ದನೆಯ ಮೂತಿಯನ್ನು ಬಿರುಕುಗಳೊಳಗೆ ಚಾಚಿ, ಅಲ್ಲಿ ಅಡಗಿರುವ ಹುಳುಗಳನ್ನೂ ಸಿಗಡಿ ಜಾತಿಯ ಪುಟ್ಟ ಜೀವಿಗಳನ್ನೂ ಹೆಕ್ಕಿ ತಿನ್ನುತ್ತದೆ. ಮೇಲಿನಿಂದ ತೇಲಿ ಬರುವ ಗಟ್ಟಿ ಕಾಳುಗಳನ್ನು ಅದು ಹುಟ್ಟಿದಾರಭ್ಯ ಕಂಡಿಲ್ಲ. ಕಡಲಿನಿಂದ ಹಿಡಿದ ಮೀನಿಗೂ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನಿಗೂ ಇರುವ ದೊಡ್ಡ ವ್ಯತ್ಯಾಸವಿದು. ಕ್ಲೌನ್‌ಫಿಶ್‌ಗಳನ್ನು ತೊಟ್ಟಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಢಿಗೆ ತಂದಿದೆ; ಹಾಗೆ ಬೆಳೆದ ಮರಿಗಳು ಮೊದಲಿನಿಂದಲೇ ಪೆಲೆಟ್‌ಗೆ ಒಗ್ಗಿರುತ್ತವೆ. ಕಾಪರ್‌ಬ್ಯಾಂಡ್ ವಿಷಯದಲ್ಲಿ ಆ ಅನುಕೂಲವಿಲ್ಲ. ಮಾರಾಟಕ್ಕೆ ಬರುವ ಈ ಮೀನುಗಳು ಬಹುಮಟ್ಟಿಗೆ ಕಡಲಿನಿಂದಲೇ ಹಿಡಿದವು.

ಆಹಾರ ಬದಲಿಸುವ ಮುನ್ನ ಎರಡು ವಿಷಯಗಳನ್ನು ನೋಡಿಕೊಳ್ಳಿ. ಮೊದಲನೆಯದು ನೀರು. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು, ಉಷ್ಣತೆ 25–26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿರಬೇಕು, ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂ ಇರಬೇಕು. ಮೀನಿನ ಉಸಿರಾಟವನ್ನೂ ಗಮನಿಸಿ. ಕಿವಿರು ಏದುಸಿರಿನಂತೆ ಬಡಿಯುತ್ತಿದ್ದರೆ ಅಥವಾ ಮೈಮೇಲೆ ಬಿಳಿ ಚುಕ್ಕೆ, ಧೂಳಿನಂಥ ಪದರ ಕಂಡರೆ ಅದು ಪರಾವಲಂಬಿಗಳ ತೊಂದರೆ. ಅದಕ್ಕೆ ಬೇರೆ ತೊಟ್ಟಿಯಲ್ಲಿ ಚಿಕಿತ್ಸೆ ಬೇಕು, ರುಚಿಯಾದ ಆಹಾರದಿಂದ ಅದು ವಾಸಿಯಾಗುವುದಿಲ್ಲ. ಎರಡನೆಯದು ನಿಮ್ಮ ಟ್ಯಾಂಗ್. ಹೊಸಬರನ್ನು ಅಟ್ಟಾಡಿಸುವುದು ಟ್ಯಾಂಗ್‌ಗಳ ಸ್ವಭಾವ, ಮೇಲಾಗಿ ಅದು ಆಹಾರ ಬಿದ್ದೊಡನೆ ಮುಗಿಬೀಳುತ್ತದೆ. ಕಾಪರ್‌ಬ್ಯಾಂಡ್ ಒಂದು ತುಣುಕನ್ನು ಎರಡೂ ಕಣ್ಣಿನಿಂದ ಪರೀಕ್ಷಿಸಿ ನೋಡುವಷ್ಟರಲ್ಲಿ ಊಟವೇ ಮುಗಿದಿರುತ್ತದೆ. ಆದ್ದರಿಂದ ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯೊಂದನ್ನು ತೊಟ್ಟಿಯೊಳಗೇ ತೂಗುಹಾಕಿ, ಹೊಸ ಮೀನನ್ನು ಕೆಲವು ದಿನ ಅದರಲ್ಲಿಡುವುದು ಉತ್ತಮ. ಒಳಗೆ ಮರೆಯಾಗಲು ಪಿವಿಸಿ ಕೊಳವೆಯ ತುಂಡೊಂದಿರಲಿ, ದೀಪ ಮಂದವಾಗಿರಲಿ. ಉಳಿದ ಮೀನುಗಳು ತಿನ್ನುವುದನ್ನು ಅದು ಒಳಗಿನಿಂದಲೇ ನೋಡುತ್ತಿರುತ್ತದೆ, ಇದರಿಂದಲೂ ಪ್ರಯೋಜನವುಂಟು.

ಇನ್ನು ಆಹಾರ. ಕರಾವಳಿಯ ಮೀನು ಮಾರುವ ಅಂಗಡಿಯಿಂದ ಮರುವಾಯಿ ಅಥವಾ ನೀಲಿಕಲ್ಲು (ಎರಡೂ ಚಿಪ್ಪುಜೀವಿಗಳು) ತನ್ನಿ. ತೊಳೆದು, ಒಂದೆರಡು ದಿನ ಫ್ರೀಜರಿನಲ್ಲಿಟ್ಟು (ಚಿಪ್ಪಿನೊಂದಿಗೆ ಬರುವ ಪರೋಪಜೀವಿಗಳು ಇದರಿಂದ ಬಹುಮಟ್ಟಿಗೆ ಕಡಿಮೆಯಾಗುತ್ತವೆ), ಬಳಿಕ ಕರಗಿಸಿ, ಅರ್ಧ ಚಿಪ್ಪಿನಲ್ಲಿ ಮಾಂಸ ಹಾಗೆಯೇ ಇರುವಂತೆ ಕಲ್ಲಿನ ಸಂದಿಗೆ ಸಿಕ್ಕಿಸಿ. ಏನನ್ನೂ ಮುಟ್ಟದ ಕಾಪರ್‌ಬ್ಯಾಂಡ್‌ಗಳು ಚಿಪ್ಪಿನ ಮಾಂಸವನ್ನು ಕುಕ್ಕಲು ತೊಡಗುವುದುಂಟು, ಏಕೆಂದರೆ ಅದು ಕಲ್ಲಿಗೆ ಅಂಟಿಕೊಂಡಿರುತ್ತದೆ, ಕಿತ್ತು ತಿನ್ನಬೇಕಾಗುತ್ತದೆ, ವಾಸನೆಯೂ ಕಡಲಿನದೇ. ಒಂದೆರಡು ಗಂಟೆಯಲ್ಲಿ ಉಳಿದದ್ದನ್ನು ತೆಗೆದುಬಿಡಿ, ಇಲ್ಲದಿದ್ದರೆ ನೀರು ಕೆಡುತ್ತದೆ. ಜೀವಂತ, ಬೆಳೆದ ಆರ್ಟೀಮಿಯಾ (ಉಪ್ಪುನೀರಿನ, ಸಿಗಡಿಯಂಥ ಪುಟ್ಟ ಜೀವಿ) ಸಿಕ್ಕಿದರೆ ಅದನ್ನೂ ಕೊಡಿ. ಅದರ ಚಲನೆ ಮೀನನ್ನು ಸೆಳೆಯುತ್ತದೆ, ಆದರೆ ಅದರಲ್ಲಿ ಪೋಷಣೆ ಕಡಿಮೆ, ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಕೆಲವರು ಸಿಹಿನೀರಿನ ಸಣ್ಣ ಗೋಲ್ಡ್‌ಫಿಶ್‌ಗಳನ್ನು ಜೀವಂತವಾಗಿ ಬಿಡುವ ಸಲಹೆ ಕೊಡುತ್ತಾರೆ. ಅದು ಲಯನ್‌ಫಿಶ್‌ನಂಥ ಬೇಟೆ ಮೀನುಗಳಿಗೂ ಹಿತವಲ್ಲ, ನಿಮ್ಮ ಪುಟ್ಟ ಬಾಯಿಯ ಮೀನಿಗಂತೂ ಪ್ರಯೋಜನವೇ ಇಲ್ಲ.

ಚಿಪ್ಪನ್ನು ನಿತ್ಯ ಕುಕ್ಕುವ ಅಭ್ಯಾಸವಾದ ಮೇಲೆ, ಕರಗಿಸಿದ ಮೈಸಿಸ್ ಸಿಗಡಿಯನ್ನು ಅದೇ ಚಿಪ್ಪಿನೊಳಗೆ ಮಾಂಸದ ಜೊತೆ ಬೆರೆಸಿ ಒತ್ತಿಡಿ, ದಿನದಿಂದ ದಿನಕ್ಕೆ ಮಾಂಸ ಕಡಿಮೆ ಮಾಡಿ ಮೈಸಿಸ್ ಹೆಚ್ಚಿಸುತ್ತ ಬನ್ನಿ, ಕೊನೆಗೆ ಖಾಲಿ ಚಿಪ್ಪಿನಲ್ಲಿ ಮೈಸಿಸ್ ಮಾತ್ರ ಇಡಿ. ಈ ಹಂತವನ್ನು ತಪ್ಪಿಸಬಾರದು. ಚಿಪ್ಪುಜೀವಿಗಳಲ್ಲಿ ಹಲವಕ್ಕೆ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿದ್ದು, ಹಸಿ ಮಾಂಸವನ್ನಷ್ಟೇ ತಿಂಗಳುಗಟ್ಟಲೆ ತಿಂದ ಮೀನು ನಿಧಾನವಾಗಿ ಸೊರಗುತ್ತದೆ. ಫ್ರೀಜರಿನಲ್ಲಿಟ್ಟರೂ ಆ ಕಿಣ್ವ ಹೋಗುವುದಿಲ್ಲ. ಬಾಯಿಗೆ ಹಾಕಿಕೊಂಡು ಉಗುಳಿದರೆ ಬೇಸರಪಡಬೇಡಿ, ಉಗುಳುವುದೂ ಮುನ್ನಡೆಯೇ. ದಿನಕ್ಕೆ ಒಮ್ಮೆ ಹೆಚ್ಚು ಹಾಕುವ ಬದಲು ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪ ಕೊಡಿ.

ಎಷ್ಟು ದಿನ ಕಾಯಬಹುದು ಎಂಬುದನ್ನು ಕ್ಯಾಲೆಂಡರಿಗಿಂತ ಮೀನಿನ ಮೈ ಚೆನ್ನಾಗಿ ಹೇಳುತ್ತದೆ. ಹೊಟ್ಟೆ ಸ್ವಲ್ಪ ಒಳಸೇರಿದ್ದರೆ ಗಾಬರಿಯಾಗಬೇಕಿಲ್ಲ. ತಲೆಯ ಹಿಂದೆ, ಬೆನ್ನಿನ ಎರಡೂ ಬದಿಯ ಮಾಂಸಖಂಡ ಕುಸಿದು ಬೆನ್ನು ಚೂಪಾಗಿ ಕಾಣತೊಡಗಿದರೆ ಮಾತ್ರ ಅದು ದೇಹವನ್ನೇ ಕರಗಿಸಿಕೊಂಡು ಬದುಕುತ್ತಿದೆ ಎಂದು ತಿಳಿಯಬೇಕು. ಆ ಹಂತದಿಂದ ಚೇತರಿಸಿಕೊಳ್ಳುವುದು ಕಷ್ಟ. ಮುಂದೆ ಯಾವ ಮೀನು ಕೊಳ್ಳುವಾಗಲೂ, ಅಂಗಡಿಯವರು ಏನೇ ಹೇಳಲಿ, ಅದು ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆಯೇ ಹಣ ಕೊಡಿ.

ಪ್ರಶ್ನೆ: ತೊಟ್ಟಿ ಆರಂಭಿಸಿ ಎರಡು ತಿಂಗಳಾಗಿದೆ. ಮ್ಯಾಂಡರಿನ್ ಮೀನು ತಂದಿದ್ದೇವೆ. ಆಹಾರ ಹಾಕಿದರೆ ಬರುವುದಿಲ್ಲ, ಆದರೆ ಸದಾ ಕಲ್ಲನ್ನು ಕುಕ್ಕುತ್ತಿರುತ್ತದೆ. ಅದು ತಾನಾಗಿಯೇ ತಿನ್ನುತ್ತಿದೆ ಎಂದು ಭಾವಿಸಬಹುದೇ?
– ಓದುಗರು, ಮಂಗಳೂರು

ಉತ್ತರ: ತಿನ್ನಲು ಯತ್ನಿಸುತ್ತಿದೆ, ಆದರೆ ಅದಕ್ಕೆ ಸಾಕಷ್ಟು ಸಿಗುತ್ತಿರಲಿಕ್ಕಿಲ್ಲ. ಕಲ್ಲಿನ ಮೇಲೆ ಬೆಳೆಯುವ, ಕಣ್ಣಿಗೆ ಕಂಡೂ ಕಾಣದಂಥ ಕೋಪೆಪಾಡ್ ಎಂಬ ಪುಟ್ಟ ಜೀವಿಗಳೇ ಅದರ ಆಹಾರ, ಅದೂ ಹಗಲೆಲ್ಲ. ಎರಡು ತಿಂಗಳ ತೊಟ್ಟಿಯಲ್ಲಿ ಅವು ಬೇಗನೆ ಖಾಲಿಯಾಗುತ್ತವೆ, ಆಮೇಲೂ ಮೀನು ಬರಿಯ ಕಲ್ಲನ್ನು ಕುಕ್ಕುತ್ತಲೇ ಇರುತ್ತದೆ. ಅಂಗಡಿಯವರು ಒಪ್ಪಿದರೆ ಹಿಂದಿರುಗಿಸಿ, ಅಥವಾ ಹಳೆಯ ದೊಡ್ಡ ತೊಟ್ಟಿಯಿರುವ ಪರಿಚಿತರಿಗೆ ಕೊಡಿ. ಅದು ಸಾಧ್ಯವಾಗುವವರೆಗೆ ಆರ್ಟೀಮಿಯಾ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಗಾಳಿಯಾಡಿಸುತ್ತ ಇಡಿ. 25–28 ಡಿಗ್ರಿಯಲ್ಲಿ ಒಂದು ದಿನ ಅಥವಾ ತುಸು ಹೆಚ್ಚು ಅವಧಿಯಲ್ಲಿ ಮರಿಗಳು ಹೊರಬರುತ್ತವೆ. ಅವುಗಳ ಸತ್ವ ಗಂಟೆಗಳು ಕಳೆದಂತೆ ಇಳಿಯುವುದರಿಂದ, ಹೊರಬಂದ ಕೂಡಲೇ ಪಿಪೆಟ್‌ನಿಂದ ಮೀನಿನ ಮೂತಿಯ ಹತ್ತಿರವೇ ಬಿಡಬೇಕು.

ಪ್ರಶ್ನೆ: ಆಹಾರಕ್ಕೆ ಬೆಳ್ಳುಳ್ಳಿ ರಸ ಬೆರೆಸಿದರೆ ಮೀನು ತಿನ್ನುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕೆಲವು ಮೀನುಗಳು ಆ ವಾಸನೆಗೆ ಬರುತ್ತವೆಂದು ಸಾಕುವವರು ಹೇಳುತ್ತಾರೆ, ಒಂದೆರಡು ಹನಿ ಬೆರೆಸಿ ನೋಡಲು ಅಡ್ಡಿಯಿಲ್ಲ. ಆದರೆ ಬಿಳಿ ಚುಕ್ಕೆ ರೋಗಕ್ಕೆ ಅದೇ ಮದ್ದು ಎಂದು ಕುಳಿತರೆ ಮೀನು ಉಳಿಯುವುದಿಲ್ಲ.