ದಾವಣಗೆರೆ ಬಿಸಿಲಿನಲ್ಲಿ ಜಂಪಿಂಗ್ ಕುದುರೆಯ ತರಬೇತಿ ನಿಲ್ಲಿಸಬೇಕಾ?

ಪೂರ್ತಿ ನಿಲ್ಲಿಸಬೇಡಿ. ರೇಸ್ ಬಿಟ್ಟು ಬಂದ ಏಳು ವರ್ಷದ ಥರೋಬ್ರೆಡ್ (ರೇಸ್ ಕುದುರೆಯ ತಳಿ), ಒಂದು ಮೀಟರ್ ಎತ್ತರದ ಜಂಪಿಂಗ್ (ಅಡ್ಡಗಂಬ ಹಾರುವುದು), ಜೂನ್‌ನಲ್ಲಿ ಚೆನ್ನೈ ಕಡೆ ಸ್ಪರ್ಧೆ, ಈಗ ದಾವಣಗೆರೆಯಲ್ಲಿ 39 ಡಿಗ್ರಿ ಬಿಸಿಲು. ಎರಡು ತಿಂಗಳು ರಜೆ ಕೊಟ್ಟು ಮಳೆ ಬಿದ್ದ ಮೇಲೆ ಶುರು ಮಾಡಲಾ ಅಂತ ಕೇಳಿದ್ದೀರಿ. ಹಾಗೆ ಮಾಡಿದರೆ ಜೂನ್ ಹೊತ್ತಿಗೆ ದಮ್ಮೂ ಇರುವುದಿಲ್ಲ, ಸೆಕೆ ತಡೆಯುವ ಅಭ್ಯಾಸವೂ ಇರುವುದಿಲ್ಲ. ನಾನು ಚಿತ್ರದುರ್ಗದ ಹೊರಗೆ ಕುದುರೆ ಸಾಕಿಕೊಂಡು ಒಂದಷ್ಟು ಜನಕ್ಕೆ ಸವಾರಿ ಹೇಳಿಕೊಡುತ್ತೇನೆ. ಬೇಸಿಗೆಯಲ್ಲಿ ನಮ್ಮಲ್ಲಿ ಕೆಲಸ ಕಡಿಮೆ ಆಗುತ್ತದೆ, ನಿಲ್ಲುವುದಿಲ್ಲ. ಎಷ್ಟು ಕಡಿಮೆ ಮಾಡಬೇಕು ಅನ್ನೋದನ್ನ ಮೊಬೈಲ್ ತೋರಿಸುವ ಡಿಗ್ರಿ ನೋಡಿ ತೀರ್ಮಾನಿಸುವುದಿಲ್ಲ. ಕೆಲಸ ಮುಗಿದ ಮೇಲೆ ಕುದುರೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಅನ್ನೋದನ್ನ ನೋಡಿ ತೀರ್ಮಾನಿಸುತ್ತೇನೆ.

ಮೊದಲು ನಿಮ್ಮ ಭಯದ ವಿಷಯ, "ಬೆವರೇ ಕಾಣ್ತಿಲ್ಲ" ಅನ್ನೋದು. ನಮ್ಮ ಕಡೆ ಏಪ್ರಿಲ್ ಗಾಳಿ ಒಣಗಾಳಿ. ಬೆವರು ಬಂದ ಹಾಗೇ ಆರಿ ಹೋಗುತ್ತದೆ, ಮೈ ಒದ್ದೆಯಾಗುವಷ್ಟು ಹೊತ್ತು ನಿಲ್ಲುವುದೇ ಇಲ್ಲ. ಜೀನು ತೆಗೆದ ತಕ್ಷಣ ಅದರ ಅಡಿ ನೋಡಿ. ಅಲ್ಲಿ ಒದ್ದೆ ಇದ್ದು, ಅದರ ಅಂಚಿನಲ್ಲಿ, ಹೊಟ್ಟೆಪಟ್ಟಿ ಕಟ್ಟಿದ ಜಾಗದಲ್ಲಿ, ಕಿವಿ ಬುಡದಲ್ಲಿ ಬಿಳಿ ಉಪ್ಪಿನ ಗೆರೆ ಕಂಡರೆ ಕುದುರೆ ಚೆನ್ನಾಗಿಯೇ ಬೆವರಿದೆ ಅಂತ ಅರ್ಥ. ಜೀನಿನ ಅಡಿಯೂ ಒಣಗಿದ್ದು, ಮೈ ಕೆಂಡದಂತೆ ಸುಡುತ್ತಿದ್ದು, ಮೂಗಿನ ಹೊಳ್ಳೆ ಅಗಲಿಸಿ ಏದುಸಿರು ಬಿಡುತ್ತಿದ್ದರೆ ಅದು ಬೇರೆ ಕಥೆ. ಬಿಸಿ ಪ್ರದೇಶದಲ್ಲಿ ಕೆಲವು ಕುದುರೆಗಳಿಗೆ ಬೆವರು ಗ್ರಂಥಿಯೇ ಕೆಲಸ ನಿಲ್ಲಿಸಿಬಿಡುತ್ತದೆ. ಥರೋಬ್ರೆಡ್‌ಗಳಲ್ಲಿ ಅದು ಹೊಸದೇನಲ್ಲ. ಅಂಥ ಕುದುರೆಗೆ ಆವತ್ತೇ ಕೆಲಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಓಡುವಾಗ ಕುದುರೆ ಸುಡುವ ಶಕ್ತಿಯಲ್ಲಿ ಓಟಕ್ಕೆ ಸಿಗೋದು ಹೆಚ್ಚೆಂದರೆ ಕಾಲು ಭಾಗ. ಮಿಕ್ಕಿದ್ದೆಲ್ಲ ಶಾಖ. ಅರ್ಧ ಟನ್ ಮೈಯ ಶಾಖ ಹೊರಗೆ ಹೋಗೋದು ಬಹುಪಾಲು ಬೆವರಿನ ಮೂಲಕವೇ. ಸೆಕೆಯಲ್ಲಿ ಗಟ್ಟಿ ಕೆಲಸ ಮಾಡಿದರೆ ಗಂಟೆಗೆ 10ರಿಂದ 15 ಲೀಟರ್ ಬೆವರು ಹರಿಯಬಹುದು. ಒಂದು ಲೀಟರ್ ಬೆವರಿನಲ್ಲಿ ಹೆಚ್ಚು ಕಡಿಮೆ 10 ಗ್ರಾಂ ಲವಣ ಇರುತ್ತದೆ. ನಮ್ಮ ಬೆವರು ರಕ್ತಕ್ಕಿಂತ ತೆಳು. ಹಾಗಾಗಿ ಬೆವರಿದಾಗ ನಮ್ಮ ರಕ್ತ ಗಟ್ಟಿಯಾಗಿ ಬಾಯಾರಿಕೆ ಆಗುತ್ತದೆ. ಕುದುರೆಯ ಬೆವರು ರಕ್ತದಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಉಪ್ಪು. ನೀರೂ ಉಪ್ಪೂ ಒಟ್ಟಿಗೇ ಹೋಗೋದರಿಂದ ಮೈ ಬತ್ತಿದ್ದರೂ ಅದಕ್ಕೆ ಬಾಯಾರಿಕೆ ಗೊತ್ತಾಗುವುದಿಲ್ಲ. "ಬಕೆಟ್ ಇಟ್ಟಿದ್ದೇನೆ, ಬೇಕಾದರೆ ಕುಡಿಯುತ್ತೆ" ಅನ್ನೋ ಮಾತು ಇದಕ್ಕೇ ನಡೆಯೋದಿಲ್ಲ.

ಆದ್ದರಿಂದ ಉಪ್ಪು ಕೊಡಿ. ಅಡುಗೆ ಉಪ್ಪೇ ಸಾಕು. ಸುಮ್ಮನೆ ನಿಂತ ದಿನವೂ ಸುಮಾರು 30 ಗ್ರಾಂ, ಚೆನ್ನಾಗಿ ಬೆವರಿದ ದಿನ ಅದರ ಎರಡು ಪಟ್ಟು, ದಾಣಿಯಲ್ಲಿ (ಕಾಳಿನ ಮೇವಿನಲ್ಲಿ) ಕಲಸಿ ಎರಡು ಹೊತ್ತಿಗೆ ಹಂಚಿ. ನೆಕ್ಕುವ ಉಪ್ಪಿನ ಗಡ್ಡೆಯೊಂದನ್ನೇ ನಂಬಬೇಡಿ. ಕೆಲಸ ಮಾಡುವ ಕುದುರೆಗೆ ನೆಕ್ಕಿದ್ದು ಸಾಲುವುದಿಲ್ಲ. ಕೆಲಸ ಮುಗಿದ ಕೂಡಲೇ ಎರಡು ಬಕೆಟ್ ಇಡಿ. ಒಂದರಲ್ಲಿ ಲೀಟರಿಗೆ ಒಂಬತ್ತು ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಉಪ್ಪುನೀರನ್ನು ಮೊದಲು ತೋರಿಸಿ. ಅದನ್ನು ಕುಡಿದ ಕುದುರೆ ಆಮೇಲೆ ಬರೀ ನೀರನ್ನೂ ಜಾಸ್ತಿ ಕುಡಿಯುತ್ತದೆ. ಬೇಡ ಅಂದರೆ ಬಲವಂತ ಬೇಡ. ಬರೀ ನೀರು ಮಾತ್ರ ಯಾವಾಗಲೂ ಇರಲೇಬೇಕು. ಬಿಸಿ ಮೈಯಲ್ಲಿ ನೀರು ಕುಡಿದರೆ ಹೊಟ್ಟೆನೋವು ಬರುತ್ತದೆ ಅನ್ನೋದು ಹಳೆಯ ಹೆದರಿಕೆ, ಅದನ್ನು ಬಿಟ್ಟುಬಿಡಿ.

ನೀರಿನ ರುಚಿಯನ್ನೂ ನೋಡಿ. ಎರಡೂ ಜಿಲ್ಲೆಯಲ್ಲಿ ಬೇಸಿಗೆಯ ಬೋರ್ ನೀರು ಎಷ್ಟೋ ಕಡೆ ಗಡಸು. ಜೊತೆಗೆ ಮಾಳಿಗೆ ಮೇಲಿನ ಕಪ್ಪು ಟ್ಯಾಂಕ್‌ನಿಂದ ಮಧ್ಯಾಹ್ನ ಮೂರಕ್ಕೆ ಬರುವ ನೀರು ಕೈಗೇ ಬಿಸಿ ತಾಗುತ್ತದೆ. ಅದನ್ನು ಯಾವ ಕುದುರೆ ತಾನೇ ಕುಡಿಯುತ್ತದೆ? ನೆರಳಲ್ಲಿ ಒಂದು ಡ್ರಮ್ ಇಟ್ಟು ಬೆಳಗಿನ ಜಾವವೇ ತುಂಬಿಸಿ. ಐಸ್ ಹಾಕುವ ಗೋಜು ಬೇಡ. ದಿನಕ್ಕೆ ಎಷ್ಟು ಬಕೆಟ್ ಖಾಲಿಯಾಯಿತು ಅಂತ ಲಾಯದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿಸಿ. ಈ ಬಿಸಿಲಿಗೆ 50 ಲೀಟರ್ ದಾಟೋದು ಸಹಜ. ಗೀಟು ಕಡಿಮೆ ಬಿದ್ದ ಮರುದಿನ ಗಟ್ಟಿ ಕೆಲಸ ಇಲ್ಲ.

ಈಗ ಕೆಲಸದ ವಿಷಯ. ಬೆಳಗ್ಗೆ ಐದೂವರೆಗೆ ಜೀನು ಬಿಗಿಯಿರಿ, ಏಳೂವರೆಯೊಳಗೆ ಎಲ್ಲ ಮುಗಿಯಲಿ. ಸಂಜೆ ಆರಕ್ಕೆ ಸೂರ್ಯ ಇಳಿದರೂ ನೆಲದ ಕಾವು ಇಳಿದಿರುವುದಿಲ್ಲ. ದುರ್ಗದ ಬಂಡೆಗಳ ಹತ್ತಿರ ಕತ್ತಲಾದ ಮೇಲೂ ಕಾವು ಮುಖಕ್ಕೆ ಹೊಡೆಯುತ್ತದೆ. ಸಂಜೆ ಬರೀ ಕೈಯಲ್ಲಿ ಹಿಡಿದು ನಡೆಸಿ. ವಾರಕ್ಕೆ ಎರಡು ಸಲ ಜಂಪ್ ಮಾಡಿಸುತ್ತಿದ್ದರೆ ಒಂದು ಸಲಕ್ಕೆ ಇಳಿಸಿ. ಅದರಲ್ಲೂ ಎತ್ತರ ಕಡಿಮೆ ಮಾಡದೆ ಹಾರಿಕೆಯ ಸಂಖ್ಯೆ ಕಡಿಮೆ ಮಾಡಿ. ಉಳಿದ ದಿನ ನೆಲದ ಮೇಲೆ ಕಂಬ ಹಾಕಿ ಟ್ರಾಟ್ (ಹಗುರ ಓಟ), ವೃತ್ತದಲ್ಲಿ ಬಾಗಿಸುವ ಕೆಲಸ, ಉದ್ದ ನಡಿಗೆ. ಕ್ಯಾಂಟರ್ (ಟ್ರಾಟ್‌ಗಿಂತ ಚುರುಕಾದ ಓಟ) ಬೇಕೇ ಬೇಕು. ಆದರೆ ಒಂದೇ ಉಸಿರಿಗೆ ಎಂಟು ನಿಮಿಷ ಓಡಿಸುವ ಬದಲು ಎರಡೆರಡು ನಿಮಿಷ ಮಾಡಿ, ನಡುವೆ ಲಗಾಮು ಸಡಿಲ ಬಿಟ್ಟು ಉಸಿರು ಇಳಿಯುವವರೆಗೂ ನಡೆಸಿ. ಎರೆ ಹೊಲದಲ್ಲಿ ಮಾತ್ರ ಓಡಿಸಬೇಡಿ. ಈಗ ಬಿರುಕು ಬಿಟ್ಟು ಕಲ್ಲಾಗಿರುತ್ತದೆ, ಕಾಲು ಹೋಗುತ್ತದೆ.

ಮುಗಿದ ಮೇಲೆ ಅಳೆಯಿರಿ. ಇದೊಂದನ್ನು ಮಾತ್ರ ತಪ್ಪಿಸಬೇಡಿ. ವಿಶ್ರಾಂತಿಯಲ್ಲಿ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈ ಬಿಸಿ 37.5ರಿಂದ 38.5 ಡಿಗ್ರಿ. ನಿಮ್ಮ ಕುದುರೆಯ ಸ್ವಂತ ಅಂಕಿ ಎಷ್ಟು ಅಂತ ಬೆಳಗ್ಗೆ ಮೇವಿಗೆ ಮುಂಚೆ ಒಂದು ವಾರ ಬರೆದಿಡಿ. ನಾಡಿ ಸಿಗೋದು ದವಡೆ ಮೂಳೆಯ ಒಳಅಂಚಿನಲ್ಲಿ. ಬೆರಳು ಒತ್ತಿ ಸ್ವಲ್ಪ ಹಿಂದೆ ಮುಂದೆ ಆಡಿಸಿದರೆ ಹುರಿಯಂಥ ನರ ಸಿಗುತ್ತದೆ, ಅದರಲ್ಲಿ ಮಿಡಿತ. ಸಿಗದಿದ್ದರೆ ಮೆಡಿಕಲ್ ಶಾಪ್‌ನ ಸಾದಾ ಸ್ಟೆತಸ್ಕೋಪ್ ತಂದು ಕುದುರೆಯ ಎಡ ಮುಂಗಾಲಿನ ಮೊಣಕೈಯ ಹಿಂದೆ ಇಟ್ಟು ಕೇಳಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ.

ಕೆಲಸ ನಿಲ್ಲಿಸಿ ಮೈಗೆ ನೀರು ಹಾಕಿ ಹತ್ತು ಹದಿನೈದು ನಿಮಿಷಕ್ಕೆ ಬಡಿತ 60ರ ಕೆಳಗೆ ಬರಬೇಕು. ದೂರದ ಓಟದ ಸ್ಪರ್ಧೆ, ಅಂದರೆ ಎಂಡ್ಯೂರೆನ್ಸ್‌ನಲ್ಲಿ ಪಶುವೈದ್ಯರು ಕುದುರೆಯನ್ನು ಮುಂದೆ ಬಿಡೋದಕ್ಕೆ ಇಟ್ಟ ಗೆರೆ 64. ಹತ್ತಾರು ಕಿಲೋಮೀಟರ್ ಓಡಿ ಬಂದ ಕುದುರೆಗೇ ಆ ಗೆರೆ ಇದ್ದರೆ ಮುಕ್ಕಾಲು ಗಂಟೆ ಕೆಲಸ ಮಾಡಿದ ನಿಮ್ಮ ಕುದುರೆ ಅದಕ್ಕಿಂತ ಮೇಲೆ ನಿಲ್ಲಬಾರದು ಅಲ್ವಾ? ನಿಂತರೆ ಮರುದಿನದ ಕೆಲಸ ಅರ್ಧ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ಅದಕ್ಕೆ ದಾರ ಕಟ್ಟಿರಲಿ. ಕೆಲಸವಾದ ಮೇಲೆ 39.5 ಇದ್ದರೆ ಗಾಬರಿ ಬೇಡ. 40 ದಾಟಿದರೆ ಬೇರೆಲ್ಲ ಬಿಟ್ಟು ನೀರು ಹಾಕಿ. 41 ಕಂಡರೆ ನೀರು ಹಾಕುತ್ತಲೇ ವೈದ್ಯರಿಗೆ ಫೋನ್ ಮಾಡಿ.

ನೀರು ಹಾಕುವ ವಿಷಯದಲ್ಲಿ ನಮ್ಮವರ ಜೊತೆ ವಾದ ಮಾಡಿ ಮಾಡಿ ಸಾಕಾಗಿದೆ. "ಕಾದ ಮೈಗೆ ತಣ್ಣೀರು ಬಿದ್ದರೆ ವಾತ ಬಡಿಯುತ್ತೆ, ಸ್ನಾಯು ಹಿಡಿದುಕೊಳ್ಳುತ್ತೆ" ಅಂತ ಹಳೆ ಸೈಸ್‌ಗಳು (ಕುದುರೆ ನೋಡಿಕೊಳ್ಳುವವರು) ಹೇಳುತ್ತಾರೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ಸೆಕೆಯಲ್ಲಿ ಕುದುರೆ ಓಡಿಸೋದರ ಬಗ್ಗೆ ತುಂಬಾ ಅಧ್ಯಯನ ನಡೆಯಿತು. ಬಿಸಿಯಾದ ಕುದುರೆಯ ಇಡೀ ಮೈಗೆ ತಣ್ಣೀರು ಸುರಿದರೆ ಸ್ನಾಯುಗೆ ಏನೂ ಆಗುವುದಿಲ್ಲ, ಬೇಗ ತಣ್ಣಗಾಗುತ್ತದೆ ಅನ್ನೋದು ಅಲ್ಲಿಂದ ಗಟ್ಟಿಯಾಯಿತು. ನಮ್ಮ ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಸ್ಪರ್ಧಿಸಿದ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಕ್ರಾಸ್ ಕಂಟ್ರಿ, ಅಂದರೆ ಬಯಲಿನಲ್ಲಿ ಅಡೆತಡೆ ಹಾರಿಸುತ್ತಾ ಓಡಿಸುವ ಓಟವನ್ನು ಸೆಕೆಗೆ ಹೆದರಿ ಬೆಳಗ್ಗೆಯೇ ಇಟ್ಟಿದ್ದರು. ಕಾಲಿಗೆ ಮಾತ್ರ ಚಿಮುಕಿಸಿ ಬಿಡಬೇಡಿ. ಕುತ್ತಿಗೆ, ಎದೆ, ಬೆನ್ನು, ಹಿಂದಿನ ತೊಡೆ ಎಲ್ಲ ಕಡೆ ಪೈಪು ಹಿಡಿದು ಸುರಿಯುತ್ತಲೇ ಇರಿ. ನೀರು ನಿಲ್ಲಿಸಿದ ಮೇಲೆ ಮೈ ಮೇಲೆ ಉಳಿದದ್ದನ್ನು ಗೀರಿ ತೆಗೆದು ಗಾಳಿ ಬೀಸುವ ಕಡೆ ನೆರಳಲ್ಲಿ ನಡೆಸಿ. ಒದ್ದೆ ಟವೆಲ್ ಹೊದಿಸಿ ನಿಲ್ಲಿಸಬೇಡಿ, ಅದರ ಅಡಿಯಲ್ಲಿ ಕಾವು ಸಿಕ್ಕಿಹಾಕಿಕೊಳ್ಳುತ್ತದೆ. ಗಾಳಿಯ ಮಟ್ಟಿಗೆ ಚಿತ್ರದುರ್ಗದವರು ಪುಣ್ಯವಂತರು, ಗುಡ್ಡದ ಮೇಲಿನ ಗಾಳಿ ವಿದ್ಯುತ್ತಿನ ಫ್ಯಾನ್‌ಗಳು ಸುಮ್ನೆ ನಿಂತಿಲ್ಲ. ದಾವಣಗೆರೆಯಲ್ಲಿ ನೀವು ಒಂದು ದೊಡ್ಡ ಟೇಬಲ್ ಫ್ಯಾನನ್ನಾದರೂ ತನ್ನಿ. ಲಾಯಕ್ಕೆ ತಗಡಿನ ಶೀಟು ಇದ್ದರೆ ಚನ್ನಗಿರಿ ಕಡೆಯಿಂದ ಅಡಿಕೆ ಸೋಗೆ ತರಿಸಿ ದಪ್ಪಗೆ ಹೊದಿಸಿ.

ಮೇವಿನ ಬಗ್ಗೆ ಚಿಕ್ಕದಾಗಿ. ಹುರುಳಿ ಉಷ್ಣ ಅನ್ನೋ ನಮ್ಮ ಮನೆಮಾತಿನಲ್ಲಿ ಹುರುಳಿದೆ. ಅದರಲ್ಲಿ ಪ್ರೋಟೀನ್ ಶೇ 20ಕ್ಕೂ ಮೇಲೆ. ಹೆಚ್ಚಾದದ್ದನ್ನು ಮೈ ಒಡೆದು ಮೂತ್ರದಲ್ಲಿ ಹೊರಹಾಕಬೇಕು, ಅದಕ್ಕೆ ನೀರೂ ಖರ್ಚು, ಶಾಖವೂ ಜಾಸ್ತಿ. ಬೇಸಿಗೆಯಲ್ಲಿ ಹುರುಳಿ ಇಳಿಸಿ, ಆ ಶಕ್ತಿಯನ್ನು ಎಣ್ಣೆಯಿಂದ ತುಂಬಿ. ಒಂದೆರಡು ಚಮಚದಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ ದಿನಕ್ಕೆ ಒಂದು ಕಪ್‌ವರೆಗೆ ಹೋಗಬಹುದು. ಹುಲ್ಲು ಕಡಿಮೆ ಮಾಡಬೇಡಿ, ಕುದುರೆ ನೀರು ಕೂಡಿಡೋದು ಕರುಳಿನಲ್ಲಿರುವ ಹುಲ್ಲಿನಲ್ಲೇ. ನಿಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ಅಗ್ಗ, ಗೊತ್ತು. ಬೂಷ್ಟು ಹಿಡಿದ ಮೆಕ್ಕೆಜೋಳ ಕುದುರೆಯ ಮಿದುಳನ್ನೇ ಕೊಳೆಸಿ ಕೊಲ್ಲುತ್ತದೆ, ಒಂದು ಹಿಡಿಯೂ ಬೇಡ.

ಚೆನ್ನೈ ವಿಷಯಕ್ಕೆ ಬರುತ್ತೇನೆ, ನಿಜವಾದ ಕಷ್ಟ ಅಲ್ಲಿದೆ. ಕುದುರೆಯವರು ಒಂದು ಲೆಕ್ಕ ಹಾಕುತ್ತಾರೆ. ಫ್ಯಾರನ್‌ಹೀಟ್ ಡಿಗ್ರಿಗೆ ಗಾಳಿಯ ತೇವಾಂಶದ ಶೇಕಡಾವಾರು ಕೂಡಿಸಬೇಕು. 130ರ ಒಳಗಿದ್ದರೆ ಚಿಂತೆ ಇಲ್ಲ, 150 ದಾಟಿದರೆ ಎಚ್ಚರ, 180 ದಾಟಿದರೆ ಕೆಲಸವೇ ಬೇಡ. ದಾವಣಗೆರೆಯ 39 ಡಿಗ್ರಿ ಅಂದರೆ 102, ತೇವಾಂಶ 20 ಅಂತಿಟ್ಟುಕೊಂಡರೆ ಒಟ್ಟು 122. ಚೆನ್ನೈನಲ್ಲಿ 32 ಡಿಗ್ರಿ ಅಂದರೆ 90, ತೇವಾಂಶ 70 ಇದ್ದರೆ 160! ಅಲ್ಲಿ ಬೆವರು ಆರುವುದಿಲ್ಲ, ನೊರೆಯಾಗಿ ಹರಿದು ಸುಮ್ನೆ ಪೋಲಾಗುತ್ತದೆ. ಆದರೆ ಈ ಲೆಕ್ಕವನ್ನು ನಮ್ಮೂರಿಗೆ ಕಣ್ಣುಮುಚ್ಚಿ ಹಾಕಬೇಡಿ. ಇದರ ಪ್ರಕಾರ ನಮ್ಮ ಮಟಮಟ ಮಧ್ಯಾಹ್ನವೇ ಬೆಳಗಿನ ಜಾವಕ್ಕಿಂತ ವಾಸಿ ಅಂತ ಬರುತ್ತದೆ! ನೆತ್ತಿ ಮೇಲಿನ ಬಿಸಿಲು, ಕಾದ ನೆಲ ಈ ಲೆಕ್ಕಕ್ಕೆ ಕಾಣುವುದೇ ಇಲ್ಲ.

ಸೆಕೆಗೆ ಮೈ ಒಗ್ಗೋದಕ್ಕೆ ಕುದುರೆಗೆ ಎರಡು ಮೂರು ವಾರ ಬೇಕು. ಬರೀ ನಸುಕಿನಲ್ಲಿ ಓಡಿದ ಕುದುರೆ ಹನ್ನೊಂದು ಗಂಟೆಯ ಸ್ಪರ್ಧೆಗೆ ಒಗ್ಗಿರುವುದಿಲ್ಲ. ಆದ್ದರಿಂದ ಹೊರಡುವ ಮೂರು ವಾರ ಮುಂಚಿನಿಂದ ವಾರಕ್ಕೆ ಮೂರ್ನಾಲ್ಕು ದಿನ ಒಂಬತ್ತರ ಹೊತ್ತಿಗೆ 15 ನಿಮಿಷ ನಡಿಗೆ, ಲಘು ಟ್ರಾಟ್ ಮಾಡಿಸಿ. ನಾಡಿ ಚೆನ್ನಾಗಿ ಇಳಿಯುತ್ತಿದ್ದರೆ ಅರ್ಧ ಗಂಟೆಗೆ ಏರಿಸಿ. ಜಂಪಿಂಗ್ ಮಾತ್ರ ನಸುಕಿನಲ್ಲೇ ಇರಲಿ. ಭರಣಿ, ಕೃತ್ತಿಕೆ ಮಳೆ ಸಂಜೆ ಬಂದು ಹೋದರೆ ಮರುದಿನ ಬೆಳಗ್ಗೆ ಜಿಗುಟು ಸೆಕೆ ಇರುತ್ತದಲ್ಲ, ಅದು ಚೆನ್ನೈನ ಚಿಕ್ಕ ಮಾದರಿ. ಆವತ್ತು ಕೆಲಸ ಕಡಿಮೆ ಮಾಡಿ, ಆದರೆ ನಾಡಿ ಎಷ್ಟು ಹೊತ್ತಿಗೆ ಇಳಿಯಿತು ಅಂತ ತಪ್ಪದೆ ಬರೆದಿಡಿ. ಅಲ್ಲಿ ಸ್ಪರ್ಧೆಗೆ ಮುಂಚಿನ ವಾರ್ಮ್ ಅಪ್ ಎಷ್ಟು ಹೊತ್ತು ಅಂತ ಆ ಅಂಕಿ ನೋಡಿ ಹೇಳಬಹುದು. ನನ್ನ ಅಂದಾಜಿಗೆ ಈಗ ಮಾಡುತ್ತಿರೋದರ ಅರ್ಧ ಸಾಕು.

ಕೆಲಸದ ಮಧ್ಯೆ ಕುದುರೆ ತೂರಾಡಿದರೆ, ಮಂಕಾಗಿ ತಲೆ ಇಳಿಬಿಟ್ಟರೆ, ಒಸಡು ಒತ್ತಿ ಬಿಟ್ಟ ಮೇಲೆ ಬಣ್ಣ ಮರಳೋದಕ್ಕೆ ಎರಡು ಸೆಕೆಂಡ್‌ಗಿಂತ ಜಾಸ್ತಿ ಹಿಡಿದರೆ, ಎದೆಬಡಿತದ ತಾಳಕ್ಕೆ ಸರಿಯಾಗಿ ಪಕ್ಕೆ ಅದುರಿದರೆ, ತಕ್ಷಣ ಇಳಿಯಿರಿ. ನೆರಳು, ನೀರು, ಫೋನ್. ಕುದುರೆ ನೋಡಿ ರೂಢಿ ಇರುವ ವೈದ್ಯರ ನಂಬರ್ ಈಗಲೇ ಹುಡುಕಿ ಇಟ್ಟುಕೊಳ್ಳಿ. ಸರ್ಕಾರದ ಪಶು ಆಂಬ್ಯುಲೆನ್ಸ್‌ನ 1962 ಕೂಡ ಮೊಬೈಲ್‌ನಲ್ಲಿ ಇರಲಿ.

ಇನ್ನು ಪ್ರಯಾಣ. ದಾವಣಗೆರೆಯಿಂದ ಚೆನ್ನೈ 600 ಕಿಲೋಮೀಟರ್ ಸುಮಾರು, ಒಂದೇ ದಮ್ಮಿಗೆ ಹೋಗಬೇಡಿ. ರಾತ್ರಿ ಹೊರಟು ಬೆಳಗಾಗುವುದರೊಳಗೆ ಬೆಂಗಳೂರು ಸೇರಿ, ಹಗಲು ಅಲ್ಲೇ ಇಳಿಸಿ ನಿಲ್ಲಿಸಿ, ಮತ್ತೆ ರಾತ್ರಿ ಹೊರಡಿ. ಡಾಬಾ ಮುಂದೆ ಬಿಸಿಲಲ್ಲಿ ಲಾರಿ ನಿಲ್ಲಿಸಿ ಊಟಕ್ಕೆ ಕೂರುವ ಡ್ರೈವರ್ ಆದರೆ ಮೊದಲೇ ಮಾತಾಡಿಕೊಳ್ಳಿ. ಗಾಡಿ ಓಡುವಾಗ ಗಾಳಿ ಇರುತ್ತದೆ, ನಿಂತ ಹತ್ತು ನಿಮಿಷಕ್ಕೆ ಒಳಗೆ ಒಲೆ. ಸ್ಪರ್ಧೆಗೆ ನಾಲ್ಕೈದು ದಿನ ಮುಂಚೆ ತಲುಪಿ, ಮೊದಲ ಎರಡು ದಿನ ನಡಿಗೆ ಬಿಟ್ಟು ಏನೂ ಬೇಡ. ಮನೆಯ ನೀರು ಒಂದು ಕ್ಯಾನ್ ಒಯ್ದು ಅಲ್ಲಿನ ನೀರಿಗೆ ಬೆರೆಸಿ ಕೊಡಿ, ಇಲ್ಲದಿದ್ದರೆ ಹೊಸ ವಾಸನೆಗೆ ಮೂಗು ಮುರಿದು ನಿಲ್ಲುತ್ತದೆ.