ಬಿರುಕು ಬಿಡುವ ಇಂಧನವನ್ನು ನಂಬುವುದು ಹೇಗೆ?

ಪ್ರಶ್ನೆ: ಕೈಗಾ ರಿಯಾಕ್ಟರುಗಳ ಇಂಧನ ಒಂದು ಬಗೆಯ ಸೆರಾಮಿಕ್ ಎಂದು ಓದಿದೆ. ನಮ್ಮ ಮನೆಯವರ ಟೈಲ್ಸ್ ಅಂಗಡಿಯಲ್ಲಿ ಕೈಜಾರಿದ ಟೈಲ್ ಚೂರಾಗುವುದನ್ನು ನೋಡುತ್ತಲೇ ಇರುತ್ತೇನೆ. ಅಂಥ ವಸ್ತುವನ್ನು ರಿಯಾಕ್ಟರಿನ ಕಾವಿಗೆ ಒಡ್ಡುವುದೇಕೆ? ಅದನ್ನು ಪರೀಕ್ಷಿಸುವುದು ಹೇಗೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದೇ. ಈ ಇಂಧನ, ಅಂದರೆ ಯುರೇನಿಯಂ ಡೈಆಕ್ಸೈಡ್ ಗುಳಿಗೆ, ರಿಯಾಕ್ಟರಿನೊಳಗೆ ಬಿರುಕು ಬಿಡುತ್ತದೆ. ಅದು ಶಾಖವನ್ನು ಸರಾಗವಾಗಿ ಸಾಗಿಸದ ಕಾರಣ ನಡುಭಾಗ ಸಾವಿರ ಡಿಗ್ರಿ ಮೀರಿ ಕಾದಿದ್ದರೂ ಅಂಚು ಕೆಲವೇ ನೂರು ಡಿಗ್ರಿಯಲ್ಲಿರುತ್ತದೆ; ಈ ಅಂತರವೇ ಅದನ್ನು ಸೀಳುತ್ತದೆ. ಆದರೂ ಲೋಹಕ್ಕಿಂತ ಇದೇ ಮೇಲು. ಯುರೇನಿಯಂ ಲೋಹ 1132 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕೂ ಮೊದಲೇ ಹರಳಿನ ರಚನೆ ಬದಲಿಸುತ್ತದೆ, ಬಿಸಿನೀರು ತಾಗಿದರೆ ಬೇಗ ಕೆಡುತ್ತದೆ. ಆಕ್ಸೈಡ್ ಆದರೋ 2800 ಡಿಗ್ರಿ ದಾಟುವವರೆಗೂ ಘನವಾಗಿಯೇ ಉಳಿಯುತ್ತದೆ.

ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ಆಕ್ಸೈಡ್ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸುಮಾರು 1700 ಡಿಗ್ರಿಯ ಕುಲುಮೆಯಲ್ಲಿ ಹೈಡ್ರೋಜನ್ ಹರಿಸುತ್ತಾ ಸುಡುತ್ತಾರೆ. ಹೈಡ್ರೋಜನ್ ಏಕೆಂದರೆ, ಗಾಳಿಯಲ್ಲಿ ಸುಟ್ಟರೆ ಯುರೇನಿಯಂ ಇನ್ನಷ್ಟು ಆಮ್ಲಜನಕ ಹೀರಿ ಬೇರೆಯೇ ಆಕ್ಸೈಡಾಗಿ ಪುಡಿಪುಡಿಯಾಗುತ್ತದೆ. ಸುಡುವಾಗ ಕುಗ್ಗಿ ಗಟ್ಟಿಯಾದ ಗುಳಿಗೆಯನ್ನು ಆಮೇಲೆ ನಿಖರ ವ್ಯಾಸಕ್ಕೆ ಸಾಣೆ ಹಿಡಿಯುತ್ತಾರೆ.

ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವಂತೆ ಇಲ್ಲಿ ಸದ್ದನ್ನಷ್ಟೇ ನಂಬಲಾಗದು. ಮೊದಲ ಪರೀಕ್ಷೆ ಸಾಂದ್ರತೆಯದು: ಗುಳಿಗೆಯನ್ನು ಗಾಳಿಯಲ್ಲಿ ಒಮ್ಮೆ, ದ್ರವದಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಿ ಆರ್ಕಿಮಿಡೀಸ್ ತತ್ತ್ವದಿಂದ ಲೆಕ್ಕ ಹಾಕುತ್ತಾರೆ. ನಿಮ್ಮ ಕಾಲೇಜಿನ ತಕ್ಕಡಿಯಲ್ಲಿ ಟೈಲ್ ಚೂರಿನ ಮೇಲೆ ಇದನ್ನೇ ಮಾಡಿ ನೋಡಬಹುದು. ರಂಧ್ರವೇ ಇಲ್ಲದ ಆಕ್ಸೈಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ 10.96 ಗ್ರಾಂ. ಗುಳಿಗೆಗೆ ಬೇಕಾದದ್ದು ಅದರ ಸುಮಾರು 96 ಪ್ರತಿಶತ ಮಾತ್ರ, ಏಕೆಂದರೆ ಯುರೇನಿಯಂ ಪರಮಾಣು ಒಡೆಯುವ ವಿದಳನದಲ್ಲಿ ಹುಟ್ಟುವ ಕ್ಸೆನಾನ್, ಕ್ರಿಪ್ಟಾನ್ ಅನಿಲಗಳಿಂದ ಆಗುವ ಉಬ್ಬರಕ್ಕೆ ಒಳಗೇ ಒಂದಿಷ್ಟು ಜಾಗ ಇರಬೇಕು. ರಂಧ್ರ ಹೆಚ್ಚಾದರೂ ಕಷ್ಟವೇ. ಶಾಖ ಹೊರಬರುವುದು ಇನ್ನೂ ತಡವಾಗುತ್ತದೆ, ಗುಳಿಗೆ ರಿಯಾಕ್ಟರಿನಲ್ಲಿ ಮತ್ತೆ ಕುಗ್ಗುತ್ತದೆ. ಅದಕ್ಕಾಗಿಯೇ ಕೆಲವು ಮಾದರಿಗಳನ್ನು ಪುನಃ ಗಂಟೆಗಟ್ಟಲೆ ಸುಟ್ಟು, ಸಾಂದ್ರತೆ ಎಷ್ಟು ಏರಿತೆಂದು ಅಳೆಯುತ್ತಾರೆ.

ವಿದಳನ ನಡೆಸುವ ನ್ಯೂಟ್ರಾನ್‌ಗಳನ್ನು ನುಂಗುವ ಬೋರಾನ್, ಕ್ಯಾಡ್ಮಿಯಂ ಅತ್ಯಲ್ಪ ಮಿತಿಯನ್ನು ಮೀರಿ ಸೇರಿಲ್ಲವೆಂದು ರಾಸಾಯನಿಕ ವಿಶ್ಲೇಷಣೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಆದರೆ ನಾನು ಹೆಚ್ಚು ತೂಕ ಕೊಡುವುದು ಅಂಚಿನ ಪರಿಶೀಲನೆಗೆ ಮತ್ತು ತೇವದ ಪರೀಕ್ಷೆಗೆ. ಅಂಚಿನಲ್ಲಿ ಒಂದು ಚಕ್ಕೆ ಹಾರಿದ್ದರೆ ಆ ಜಾಗದಲ್ಲಿ, ಗುಳಿಗೆಗಳನ್ನು ತುಂಬುವ ಹೊರಕೊಳವೆಯ ಮೇಲೆ ಒತ್ತಡ ಒಂದೆಡೆ ಸೇರುತ್ತದೆ. ಗುಳಿಗೆಯಲ್ಲಿ ತೇವ ಉಳಿದರೆ ಅದರಿಂದ ಹೊರಟ ಹೈಡ್ರೋಜನ್ ಜಿರ್ಕೋನಿಯಂ ಮಿಶ್ರಲೋಹದ ಆ ಕೊಳವೆಯನ್ನು ಒಳಗಿನಿಂದಲೇ ಪೆಡಸು ಮಾಡುತ್ತದೆ. ಗುಳಿಗೆ ಸೀಳಿದರೂ ಅಪಾಯ ಹೊರಬರದಂತೆ ತಡೆಯುವುದು ಈ ಕೊಳವೆಯೇ ಆದ್ದರಿಂದ, ತುದಿಗಳನ್ನು ಬೆಸೆದ ಮೇಲೆ ಹೀಲಿಯಂ ಅನಿಲದಿಂದ ಸೋರಿಕೆಯನ್ನು ಪರೀಕ್ಷಿಸುತ್ತಾರೆ.

ಇಂಥ 19 ಕೊಳವೆಗಳ, ಅರ್ಧ ಮೀಟರ್ ಉದ್ದದ ಕಟ್ಟುಗಳು ಕೈಗಾಕ್ಕೆ ಹೋಗುತ್ತವೆ. ಅಲ್ಲಿ ಕೊಳವೆಯೊಂದು ಸೋರಿದರೆ ತಂಪುಗೊಳಿಸುವ ಭಾರಜಲದಲ್ಲಿ ವಿಕಿರಣಶೀಲ ಅಯೋಡಿನ್ ಏರುವುದರಿಂದ ಗೊತ್ತಾಗುತ್ತದೆ. ಆ ಕಟ್ಟನ್ನು ರಿಯಾಕ್ಟರ್ ನಿಲ್ಲಿಸದೆಯೇ ಹೊರತೆಗೆಯಬಹುದು.